ಗಾಜೋ ಪ್ಲಾಸ್ಟಿಕ್ಕೋ: ಬಾಲಿಗಂಜ್ ನಿವಾಸಿಗಳಿಗೊಂದು ತಜ್ಞ ಸಲಹೆ

ಮನೆಯಲ್ಲೇ ಬಿಯರ್ ಮಾಡಲು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ, ಹುದುಗಲು ಇಡುವ ಪಾತ್ರೆ ಗಾಜಿನದಾಗಬೇಕೋ ಪ್ಲಾಸ್ಟಿಕ್ಕಿನದೋ ಎಂಬುದು. ಬೇರೆ ಊರಿನವರು ಇದನ್ನು ಅರ್ಧ ಗಂಟೆಯಲ್ಲಿ ತೀರ್ಮಾನಿಸಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಕೋಲ್ಕತ್ತದ ಬಾಲಿಗಂಜ್‌ನಲ್ಲಿ ಅಂಥ ದುಡುಕಿಲ್ಲ. ಇಲ್ಲಿ ಮೊದಲ ಪ್ರಶ್ನೆಯೇ ಕೊನೆಯ ಪ್ರಶ್ನೆಯೂ ಆಗಿ ಭದ್ರವಾಗಿ ನಿಂತಿದೆ. ಅದನ್ನು ದಾಟಿ ಮಾಲ್ಟ್, ಹಾಪ್ಸ್, ಯೀಸ್ಟ್ ಮುಂತಾದ ಕ್ಷುಲ್ಲಕ ವಿವರಗಳಿಗೆ ಇಳಿದವರನ್ನು ನಾನಂತೂ ನೋಡಿಲ್ಲ.

ಈ ವಿಷಯದಲ್ಲಿ ಮಾತಾಡಲು ನನಗಿರುವ ಅರ್ಹತೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಾಲಿಗಂಜ್‌ಗೆ ಬಾಡಿಗೆಗೆ ಬಂದ ಕನ್ನಡಿಗ ಮೊದಲ ತಿಂಗಳು ಮದ್ರಾಸಿಯಾಗಿರುತ್ತಾನೆ. ‘ಅಲ್ಲ, ಬೆಂಗಳೂರು’ ಎಂದು ತಿದ್ದಿದ ಕ್ಷಣದಿಂದ ಕಂಪ್ಯೂಟರ್, ಟ್ರಾಫಿಕ್ ಜಾಮ್ ಮತ್ತು ಬಿಯರ್ ಈ ಮೂರು ಶಾಸ್ತ್ರಗಳಲ್ಲಿ ಅವನು ಪಾರಂಗತನೆಂದು ಬೀದಿಯೇ ಒಪ್ಪಿಕೊಳ್ಳುತ್ತದೆ. ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದವನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವನು, ನಮ್ಮ ಅಜ್ಜನಲ್ಲ ಎಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಕೊಟ್ಟ ಪಟ್ಟವನ್ನು ಬೇಡವೆನ್ನುವುದು ಅವಿನಯವಾದ್ದರಿಂದ ಸ್ವೀಕರಿಸಿದ್ದೇನೆ. ನಾನು ಈವರೆಗೆ ಒಂದು ಲೋಟ ಬಿಯರನ್ನೂ ತಯಾರಿಸಿಲ್ಲ. ಹಾಗಾಗಿ ಇಲ್ಲಿನ ಅಭಿಪ್ರಾಯಗಳು ಯಾವುದೇ ಅನುಭವದಿಂದ ಕಲಬೆರಕೆಯಾಗಿಲ್ಲ ಎಂಬ ಭರವಸೆ ಕೊಡಬಲ್ಲೆ.

ಚಾರಿತ್ರಿಕ ಹಿನ್ನೆಲೆ

ಕೋಲ್ಕತ್ತಕ್ಕೂ ಬಿಯರಿಗೂ ಇರುವ ನಂಟು ಇಂದಿನದಲ್ಲ. 18ನೆಯ ಶತಮಾನದ ಕೊನೆಯ ಹೊತ್ತಿಗೇ ‘ಕಲ್ಕತ್ತಾ ಗೆಜೆಟ್’ ಪತ್ರಿಕೆಯಲ್ಲಿ ವಿಲಾಯಿತಿ ಪೇಲ್ ಏಲ್ ಬಿಯರಿನ ಜಾಹೀರಾತುಗಳು ಬರುತ್ತಿದ್ದವು. ಲಂಡನ್ನಿನ ಪೂರ್ವಕ್ಕಿರುವ ಬೋ ಎಂಬಲ್ಲಿನ ಹಾಡ್ಜ್‌ಸನ್ ಬ್ರೂವರಿಯ ಬಿಯರು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಆಫ್ರಿಕಾ ಸುತ್ತಿ, ಹೂಗ್ಲಿ ನದಿಯೊಳಗೆ ಬಂದು ಇಳಿಯುತ್ತಿತ್ತು. ಇಂದು ಬೆಂಗಳೂರಿನ ಹುಡುಗರು ಮುಖ ಸಿಂಡರಿಸಿಕೊಂಡು ಕುಡಿಯುವ ಇಂಡಿಯಾ ಪೇಲ್ ಏಲ್‌ನ ಹೆಸರಿನಲ್ಲಿರುವ ಇಂಡಿಯಾ ಎಂದರೆ ಬಹುಮಟ್ಟಿಗೆ ಈ ಬಂದರೇ. ಆ ಬಿಯರು ಬರುತ್ತಿದ್ದುದು ಹೆಚ್ಚಾಗಿ ಮರದ ಪೀಪಾಯಿಗಳಲ್ಲಿ. ಗಾಜೋ ಪ್ಲಾಸ್ಟಿಕ್ಕೋ ಎಂಬ ಚರ್ಚೆಗೆ ಎಡೆಯೇ ಇರಲಿಲ್ಲ. ಚರ್ಚೆಯಿಲ್ಲದ ಕಾರಣ ಬಿಯರು ಬಂತು, ಸಾಹೇಬರು ಕುಡಿದರು, 1767ರಲ್ಲಿ ತೆರೆದ ಪಾರ್ಕ್ ಸ್ಟ್ರೀಟ್ ಸ್ಮಶಾನಕ್ಕೆ ಒಬ್ಬೊಬ್ಬರಾಗಿ ಹೋಗಿ ಮಲಗಿದರು. ಪಾತ್ರೆಯ ಬಗ್ಗೆ ಪೂರ್ವಾಲೋಚನೆ ಇಲ್ಲದೆ ಪಾನಕ್ಕೆ ತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ಬಾಲಿಗಂಜ್‌ನ ಹಿರಿಯರು ಇಂದಿಗೂ ಆ ಸ್ಮಶಾನದ ಕಡೆಗೇ ಬೆರಳು ತೋರಿಸುತ್ತಾರೆ.

ಎರಡು ಪಂಗಡಗಳು

ಈ ನಗರದಲ್ಲಿ ಯಾವ ವಿಷಯವೂ ಒಂಟಿಯಾಗಿ ಬದುಕುವುದಿಲ್ಲ. ಪಶ್ಚಿಮ ಬಂಗಾಳದ ಮೂಲದವರಾದ ಘೋಟಿಗಳಿಗೆ ಸೀಗಡಿ, 1889ರ ಮೋಹನ್ ಬಗಾನ್ ಫುಟ್‌ಬಾಲ್ ಕ್ಲಬ್. ಪೂರ್ವ ಬಂಗಾಳದಿಂದ ಬಂದ ಬಾಂಗಾಲರಿಗೆ ಹಿಲ್ಸಾ ಮೀನು, 1920ರ ಈಸ್ಟ್ ಬೆಂಗಾಲ್. ಘೋಟಿ ಬೇಳೆಗೆ ಸಕ್ಕರೆ ಹಾಕಿದ್ದನ್ನು ಬಾಂಗಾಲ ಕ್ಷಮಿಸುವುದಿಲ್ಲ. ಉಡುಪಿಯ ಸಾಂಬಾರಿನ ಬೆಲ್ಲವನ್ನು ಧಾರವಾಡದವರು ಸಹಿಸಿಕೊಂಡಿರುವುದನ್ನು ಕೇಳಿದರೆ ಇಬ್ಬರೂ ನಮ್ಮನ್ನು ಸಿದ್ಧಾಂತವಿಲ್ಲದ ಜನ ಎಂದುಕೊಳ್ಳುತ್ತಾರೆ. ಇಂಥ ಊರಿನಲ್ಲಿ ಬಿಯರಿನ ಪಾತ್ರೆಯೊಂದು ನಡುವೆ ಬಂದು ಕೂತರೆ ಜನ ಎರಡು ಕಡೆಗೆ ಸರಿದು ಕೂರದೆ ಇನ್ನೇನು ಮಾಡಿಯಾರು?

ಗಾಜಿನ ಪಂಗಡದವರು ಸ್ವಂತ ಮನೆಯವರು. ಕೆಂಪು ಗಾರೆ ನೆಲ, ಹಸಿರು ಪಟ್ಟಿ ಕಿಟಕಿ, ತಾರಸಿಯ ಮೇಲೆ ಬಿಸಿಲಿಗಿಟ್ಟ ಬೋರೆಹಣ್ಣಿನ ಉಪ್ಪಿನಕಾಯಿಯ ಗಾಜಿನ ಜಾಡಿ. ಇವರ ಕುಲಗುರು ಲೂಯಿ ಪಾಶ್ಚರ್. ಪ್ರಶ್ಯದ ಯುದ್ಧದಲ್ಲಿ ಫ್ರಾನ್ಸ್ ಸೋತ ಮೇಲೆ, ಬಿಯರಿನಲ್ಲಾದರೂ ಜರ್ಮನರನ್ನು ಸೋಲಿಸೋಣ ಎಂದು ಹಟ ತೊಟ್ಟು 1876ರಲ್ಲಿ ಬಿಯರಿನ ಮೇಲೆ ಇಡೀ ಗ್ರಂಥವನ್ನೇ ಬರೆದ ಮಹಾನುಭಾವ. ಅವನ ಹಂಸಕಂಠದ ಫ್ಲಾಸ್ಕು ಗಾಜಿನದಾಗಿತ್ತು. ಅದು ಸೋಪಿನ ಡಬ್ಬಿಯಂಥ ಪ್ಲಾಸ್ಟಿಕ್ಕಿನದಾಗಿದ್ದರೆ ಸೂಕ್ಷ್ಮಾಣುಗಳು ಕಾಣಿಸುತ್ತಿದ್ದವೇ ಎಂದು ಇವರು ಕೇಳುತ್ತಾರೆ. ಆಮೇಲೆ 1901ರ ಬೆಂಗಾಲ್ ಕೆಮಿಕಲ್ಸ್ ಕಂಪನಿ, ಅದನ್ನು ಕಟ್ಟಿದ ಆಚಾರ್ಯ ಪ್ರಫುಲ್ಲಚಂದ್ರ ರೇ, ಸ್ವದೇಶಿ ಚಳವಳಿ ಎಲ್ಲವೂ ಬರುತ್ತವೆ. ಅವು ಬಿಯರಿನ ಮಾತಿನೊಳಗೆ ಹೇಗೆ ಬಂದವು ಎಂದು ಯಾರೂ ಕೇಳುವುದಿಲ್ಲ, ಕೇಳುವುದು ಸಭ್ಯತೆಯೂ ಅಲ್ಲ.

ಪ್ಲಾಸ್ಟಿಕ್ ಪಂಗಡದವರು ಫ್ಲ್ಯಾಟಿನವರು. ಅಜ್ಜನ ಮನೆಯನ್ನು ಪ್ರೊಮೋಟರನಿಗೆ ಕೊಟ್ಟು, ಅದೇ ಜಾಗದಲ್ಲಿ ಎದ್ದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಎರಡು ಕೋಣೆ ಪಡೆದವರು. ಬಹುಕಾಲ ಇವರ ಕಡೆ ಕುಲಗುರು ಇರಲಿಲ್ಲ, ಅದರಿಂದ ವಾದ ಸೊರಗಿತ್ತು. ಕೊನೆಗೆ ನೇಥನಿಯಲ್ ವೈಯೆತ್ ಸಿಕ್ಕ. 1973ರಲ್ಲಿ ಪೆಟ್ ಬಾಟಲಿಗೆ ಪೇಟೆಂಟ್ ಪಡೆದ ಅಮೆರಿಕದ ಎಂಜಿನಿಯರು. ಬರೀ ಎಂಜಿನಿಯರನಾಗಿದ್ದರೆ ಬಾಲಿಗಂಜ್ ಅವನನ್ನು ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಆದರೆ ಅವನು ಹೆಸರಾಂತ ಚಿತ್ರಕಾರ ಆಂಡ್ರೂ ವೈಯೆತ್‌ನ ಅಣ್ಣ. ತಮ್ಮ ಕಲಾವಿದ ಎಂದು ತಿಳಿದ ದಿನದಿಂದ ಪ್ಲಾಸ್ಟಿಕ್ಕಿಗೆ ಇಲ್ಲಿ ಒಂದು ಸಾಂಸ್ಕೃತಿಕ ಸ್ಥಾನ ಲಭಿಸಿದೆ.

ಆಮ್ಲಜನಕ

ಈಗ ಶುದ್ಧ ವಿಜ್ಞಾನಕ್ಕೆ ಬರೋಣ. ಗಾಜಿನ ಮೂಲಕ ಆಮ್ಲಜನಕ ನುಸುಳುವುದಿಲ್ಲ. ಬಕೆಟ್ಟುಗಳಿಗೆ ಬಳಸುವ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಮೂಲಕ ಅಷ್ಟಿಷ್ಟು ನುಸುಳುತ್ತದೆ. ಪೆಟ್ ಅದಕ್ಕಿಂತ ಬಿಗಿ. ಆಮ್ಲಜನಕ ಸೇರಿದ ಬಿಯರು ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ. ಇಷ್ಟು ಕೇಳಿದ ಕೂಡಲೇ ಗಾಜಿನ ಪಂಗಡ ಚಪ್ಪಾಳೆ ತಟ್ಟುತ್ತದೆ. ಆದರೆ ಹುದುಗು ಜೋರಾಗಿರುವಾಗ ಯೀಸ್ಟು ತಾನೇ ಇಂಗಾಲದ ಡೈಆಕ್ಸೈಡನ್ನು ಉಕ್ಕಿಸಿ ಪಾತ್ರೆಯೊಳಗಿನ ಗಾಳಿಯನ್ನು ಹೊರಗೆ ದಬ್ಬುತ್ತದೆ. ಸಾಮಾನ್ಯ ಏಲ್ ಎರಡು ವಾರದಲ್ಲಿ ಹುದುಗಿ ಮುಗಿಯುತ್ತದೆ. ಅಷ್ಟರೊಳಗೆ ಪ್ಲಾಸ್ಟಿಕ್ ದಾಟಿ ಬರುವ ಗಾಳಿಯಿಂದ ನಾಲಿಗೆಗೆ ಗೊತ್ತಾಗುವ ಹಾನಿಯಿಲ್ಲ. ತಿಂಗಳುಗಟ್ಟಲೆ ಇಟ್ಟುಕೊಳ್ಳುವುದಾದರೆ ಮಾತ್ರ ಗಾಜು ಮೇಲು.

ಅಂದರೆ ಪ್ರಶ್ನೆ ಬಗೆಹರಿದಂತೆಯೇ ಎಂದು ಹೊರಗಿನವರು ಭಾವಿಸಬಹುದು. ಬಾಲಿಗಂಜ್‌ನಲ್ಲಿ ಪಾತ್ರೆ ಆರಿಸಲು ತೆಗೆದುಕೊಳ್ಳುವ ಕಾಲವನ್ನೂ ಲೆಕ್ಕಕ್ಕೆ ಸೇರಿಸಿದರೆ ಆಮ್ಲಜನಕದ ಸಮಸ್ಯೆ ಮತ್ತೆ ಗಂಭೀರವಾಗುತ್ತದೆ.

ತೊಳೆಯುವ ಸಮಸ್ಯೆ, ಅಥವಾ ಮಾಶಿಯ ವೀಟೊ

ಹುದುಗು ಶಾಸ್ತ್ರದ ಮೊದಲ ಸೂತ್ರ ಶುಚಿ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸೆನ್ 1883ರಲ್ಲಿ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿ, ಬಿಯರ್ ಕೆಡುವುದಕ್ಕೆ ಹೊಕ್ಕುಬಂದ ಕಾಡು ಯೀಸ್ಟುಗಳೇ ಕಾರಣ ಎಂದು ತೋರಿಸಿಕೊಟ್ಟ. ಅವನ ಪ್ರಯೋಗಾಲಯದಲ್ಲಿ ಪಾತ್ರೆ ತೊಳೆಯುವ ಮಾಶಿ, ಅಂದರೆ ಮನೆಗೆಲಸದಾಕೆ, ಇದ್ದಳೋ ಇಲ್ಲವೋ, ಬಾಲಿಗಂಜ್‌ನಲ್ಲಿ ಅವಳಿಲ್ಲದೆ ವಿಜ್ಞಾನ ಒಂದು ಹೆಜ್ಜೆ ಮುಂದಿಡುವುದಿಲ್ಲ.

ಗಾಜಿನ ಕಾರ್‌ಬಾಯ್ ಎಂದರೆ ದೊಡ್ಡ ಹೊಟ್ಟೆ, ಸಣ್ಣ ಕೊರಳು. ಒಳಗೆ ಕೈ ಹೋಗುವುದಿಲ್ಲ. ಹುದುಗು ಉಕ್ಕಿ ಇಳಿದ ಮೇಲೆ ಭುಜದ ಸುತ್ತ ಕಂದು ಬಣ್ಣದ ಬಳೆ ಅಂಟಿಕೊಂಡಿರುತ್ತದೆ. ಅದನ್ನು ಬಗ್ಗಿದ ಬ್ರಷ್ಷಿನಿಂದ, ಇಲ್ಲವೇ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬಿಡಿಸಬೇಕು. ಮಾಶಿ ಅದನ್ನೊಮ್ಮೆ ನೋಡಿ, ‘ಇದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ’ ಎಂದು ಪಕ್ಕಕ್ಕೆ ತಳ್ಳುತ್ತಾಳೆ. ಕುದಿಯುವ ನೀರು ಸುರಿದರೆ ಗಾಜು ಸೀಳುತ್ತದೆ. ಸೀಳಿದ ಗಾಜನ್ನು ಗುಡಿಸುವುದೂ ಪಟ್ಟಿಯಲ್ಲಿಲ್ಲ.

ಪ್ಲಾಸ್ಟಿಕ್ ಬಕೆಟ್ಟಿನ ಕಥೆ ತದ್ವಿರುದ್ಧ. ಅದು ಮಾಶಿಗೆ ಪ್ರಿಯ. ಪ್ರೀತಿಯಿಂದಲೇ ಅದನ್ನು ತಂತಿಯ ಉಜ್ಜುಕದಿಂದ ಉಜ್ಜಿ ಫಳಫಳ ಮಾಡಿಡುತ್ತಾಳೆ. ಆ ಉಜ್ಜಿನಿಂದ ಬಿದ್ದ ಗೀರುಗಳೊಳಗೆ ಲ್ಯಾಕ್ಟೊಬ್ಯಾಸಿಲಸ್ ಮತ್ತು ಕಾಡು ಯೀಸ್ಟುಗಳು ಕಾಯಂ ವಿಳಾಸ ಮಾಡಿಕೊಳ್ಳುತ್ತವೆ. ಸೋಂಕುನಿವಾರಕ ಆ ಗೀರುಗಳ ಆಳಕ್ಕೆ ಇಳಿಯುವುದಿಲ್ಲ. ಮುಂದಿನ ಸಲದ ಬಿಯರು ಹುಳಿಯಾಗುತ್ತದೆ. ಹೀಗೆ ಗಾಜನ್ನು ಇಲ್ಲಿ ತೊಳೆಯುವವರಿಲ್ಲದೆ ಕೆಡಿಸಲಾಗುತ್ತದೆ, ಪ್ಲಾಸ್ಟಿಕ್ಕನ್ನು ತೊಳೆದೇ ಕೆಡಿಸಲಾಗುತ್ತದೆ. ತಜ್ಞನಾಗಿ ನನ್ನ ಸಲಹೆ: ಪ್ಲಾಸ್ಟಿಕ್ ಆದರೆ ಮೆತ್ತನೆಯ ಬಟ್ಟೆ ಮಾತ್ರ, ಗೀರು ಕಂಡರೆ ಹೊಸ ಬಕೆಟ್ಟು. ಈ ಸಲಹೆಯನ್ನು ಮಾಶಿಗೆ ತಲುಪಿಸುವ ಕೆಲಸವನ್ನು ಮಾತ್ರ ನನಗೆ ಹೇಳಬೇಡಿ.

ವಾಸನೆಯದ್ದು ಬೇರೆಯದೇ ಅಧ್ಯಾಯ. ಪ್ಲಾಸ್ಟಿಕ್ಕಿಗೆ ನೆನಪಿನ ಶಕ್ತಿ ಅಪಾರ. ಹಿಂದೆ ಕಾಸುಂದಿ ಎಂಬ ಸಾಸಿವೆ ಗೊಜ್ಜು ತುಂಬಿದ್ದ ಡಬ್ಬಿ, ಆಮೇಲೆ ಏನನ್ನೇ ತುಂಬಿದರೂ ಕಾಸುಂದಿಯನ್ನೇ ಸ್ಮರಿಸುತ್ತದೆ. ಗಾಜು ತೊಳೆದ ಮರುಕ್ಷಣ ಎಲ್ಲವನ್ನೂ ಮರೆಯುತ್ತದೆ. ಬಾಲಿಗಂಜ್‌ನ ಹಳೆಯ ಮನೆಗಳಲ್ಲಿ ಹೀಗೆ ಏನನ್ನಾದರೂ ಮರೆಯುವ ಏಕೈಕ ವಸ್ತು ಅದೊಂದೇ.

ಬೆಳಕು ಮತ್ತು ದಕ್ಷಿಣದ ಕಿಟಕಿ

ಕೋಲ್ಕತ್ತದಲ್ಲಿ ದಕ್ಷಿಣಕ್ಕೆ ತೆರೆದ ಮನೆಗೆ ಬೆಲೆ ಹೆಚ್ಚು. ಗಾಳಿ ಆ ಕಡೆಯಿಂದ ಬರುತ್ತದೆ. ಗಾಳಿಯ ಜೊತೆ ಬೆಳಕೂ ಬರುತ್ತದೆ, ಅಲ್ಲಿಯೇ ಗಾಜಿಗೆ ಗಂಡಾಂತರ. ಹಾಪ್ಸ್‌ನ ಕಹಿ ಅಂಶದ ಮೇಲೆ ಬೆಳಕು ಬಿದ್ದರೆ ಗಂಧಕದ ಸಂಯುಕ್ತವೊಂದು ಹುಟ್ಟಿ ಬಿಯರಿಗೆ ಗಬ್ಬು ವಾಸನೆ ಬರುತ್ತದೆ. ಕಂಪನಿಯ ಬಿಯರ್ ಬಾಟಲಿಗಳು ಕಂದು ಬಣ್ಣದಲ್ಲಿರುವುದು ಇದೇ ಕಾರಣಕ್ಕೆ. ಬೇರೆ ದೇಶಗಳಲ್ಲಿ ಪಾರದರ್ಶಕ ಕಾರ್‌ಬಾಯ್‌ಗೆ ಹಳೆಯ ಟೀ ಶರ್ಟು ತೊಡಿಸುತ್ತಾರೆ. ಬಾಲಿಗಂಜ್‌ನಲ್ಲಿ ಮಂಕಿ ಟೋಪಿ ಸಿದ್ಧವಾಗಿಯೇ ಇದೆ. ಆದರೆ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿದರೆ ಅದು ಮನೆಯ ಹಿರಿಯರ ತಲೆಗೆ ಬೇಕಾಗುತ್ತದೆ, ಜಾಡಿಗೆ ಸಿಗುವುದಿಲ್ಲ. ಬಿಯರಿಗೆ ಹಿತವಾದ ಹವೆಯೂ ಅದೇ ಎಂಬುದು ಈ ನಗರದ ದುರಂತ.

ಗಾಜಿನದು ಇನ್ನೊಂದು ಅಪಾಯ: ಒಳಗೆ ನಡೆಯುವುದೆಲ್ಲ ಕಾಣುತ್ತದೆ. ನೊರೆ ಏಳುವುದು, ಗುಳ್ಳೆ ಒಡೆಯುವುದು, ಯೀಸ್ಟು ತಳ ಸೇರುವುದು. ಕಾಣುವ ವಸ್ತುವಿನ ಮುಂದೆ ಬಾಲಿಗಂಜ್‌ನಲ್ಲಿ ಐದು ನಿಮಿಷದೊಳಗೆ ನಾಲ್ಕು ಕುರ್ಚಿ ಮತ್ತು ಆರು ಅಭಿಪ್ರಾಯ ಸೇರುತ್ತವೆ. ಆಮೇಲೆ ಯಾರಾದರೂ ಮುಚ್ಚಳ ತೆಗೆದು ಮೂಸಿಯೇ ಮೂಸುತ್ತಾರೆ. ಬಿಳಿ ಬಕೆಟ್ಟಿನೊಳಗೆ ಏನೂ ಕಾಣದು, ಅಲ್ಲಿ ನಂಬಿಕೆಯೇ ಆಧಾರ. ಮೂರು ದಶಕಕ್ಕೂ ಹೆಚ್ಚು ಕಾಲ ಎಡರಂಗಕ್ಕೆ ಮತ ಹಾಕಿದ ರಾಜ್ಯಕ್ಕೆ ನಂಬಿಕೆ ಹೊಸದಲ್ಲ ಎಂದು ಪ್ಲಾಸ್ಟಿಕ್ ಪಂಗಡದ ಹಿರಿಯರೊಬ್ಬರು ವಾದಿಸುತ್ತಾರೆ. ಗಾಜಿನ ಪಂಗಡದವರು ಪಾರದರ್ಶಕತೆಯ ಪರ. ಇವರೂ ಅಷ್ಟೂ ಕಾಲ ಅದೇ ಗುಂಡಿ ಒತ್ತಿದವರೇ.

ಉಷ್ಣ

ಏಲ್ ಯೀಸ್ಟಿಗೆ 18ರಿಂದ 22 ಡಿಗ್ರಿ ಸುಖ. ಮೇ ತಿಂಗಳ ಕೋಲ್ಕತ್ತದಲ್ಲಿ ಹಗಲು 35 ದಾಟುತ್ತದೆ, ಹುದುಗು ತನ್ನದೇ ಕಾವನ್ನು ಅದಕ್ಕೆ ಸೇರಿಸುತ್ತದೆ. ಕಾವು ಹೆಚ್ಚಾದರೆ ಬಿಯರಿನಲ್ಲಿ ತಿನ್ನರ್ ವಾಸನೆಯ ಮದ್ಯಸಾರಗಳು ಹುಟ್ಟುತ್ತವೆ. ಕಲಬುರಗಿ, ರಾಯಚೂರಿನಲ್ಲಾದರೆ ಜಾಡಿಗೆ ಒದ್ದೆ ಗೋಣಿ ಸುತ್ತಿ ನಾಲ್ಕಾರು ಡಿಗ್ರಿ ಇಳಿಸಬಹುದು. ಅಲ್ಲಿ ಗಾಳಿ ಒಣಗಿರುವುದರಿಂದ ನೀರು ಬೇಗ ಆವಿಯಾಗಿ ತಂಪಾಗುತ್ತದೆ. ಇಲ್ಲಿ ಗಾಮ್ಛಾ ಎಂಬ ತೆಳು ಟವೆಲನ್ನು ಒದ್ದೆ ಮಾಡಿ ಸುತ್ತಿದರೆ ಸಂಜೆಯವರೆಗೂ ಅದು ಒದ್ದೆಯಾಗಿಯೇ ಇರುತ್ತದೆ. ಜಾಡಿ ತಣಿಯುವುದಿಲ್ಲ, ಗಾಮ್ಛಾಕ್ಕೆ ಬೂಷ್ಟು ಹಿಡಿಯುತ್ತದೆ.

ಉಳಿದ ದಾರಿ ಎಸಿ. ಆದರೆ ಎಸಿ ಇರುವುದು ಮಲಗುವ ಕೋಣೆಯಲ್ಲಿ. ಜಾಡಿಗೆ 20 ಡಿಗ್ರಿ, ಅತ್ತೆಗೆ 27 ಎಂಬ ಇತ್ಯರ್ಥ ಎಲ್ಲಿಯೂ ಆಗಿಲ್ಲ. 40 ಡಿಗ್ರಿಯ ಹತ್ತಿರದಲ್ಲೂ ಅಳುಕದೆ ದುಡಿಯುವ ಕ್ವೈಕ್ ಎಂಬ ಯೀಸ್ಟ್ ತಳಿಯೊಂದಿದೆ. ಅದು ಬಂದಿರುವುದು ನಾರ್ವೆಯ ಹಳ್ಳಿಮನೆಗಳಿಂದ. ಅಷ್ಟು ಚಳಿಯ ದೇಶದ ಯೀಸ್ಟು ಕೋಲ್ಕತ್ತದ ಬೇಸಿಗೆಗೆ ಒಗ್ಗುತ್ತದೆ ಎಂದಾಗ ಭಾನುವಾರ ಬೆಳಗ್ಗೆ ನಮ್ಮ ಮನೆಯ ಮಾಲೀಕರಲ್ಲಿ ಸೇರುವ ಅಡ್ಡಾ ಎಂಬ ಹರಟೆ ಸಭೆಯವರಿಗೆ ಆಶ್ಚರ್ಯವಾಗಲಿಲ್ಲ. ಹೊರಗಿನಿಂದ ಬಂದವರೇ ಇಲ್ಲಿ ಚೆನ್ನಾಗಿ ದುಡಿಯುವುದು ಎಂದು ನನ್ನ ಕಡೆ ನೋಡಿದರು. ಇದು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಅಂತೂ ರುಚಿಯನ್ನು ನಿರ್ಧರಿಸುವುದು ಶುಚಿ ಮತ್ತು ಉಷ್ಣ. ಪಾತ್ರೆಯ ಪಾಲು ಅಲ್ಪ. ಈ ಸತ್ಯವನ್ನು ನಾನು ಸಭೆಯಲ್ಲಿ ಒಮ್ಮೆ ಮಂಡಿಸಿದೆ. ‘ಅರೇ ಮೋಶಾಯ್, ವಿಷಯಾಂತರ ಮಾಡಬೇಡಿ’ ಎಂದು ಮನೆಯ ಮಾಲೀಕರು ಕೂರಿಸಿದರು.

ಖರೀದಿ

ಖರೀದಿಗೆ ಗರಿಯಾಹಾಟ್ ಮಾರುಕಟ್ಟೆ ಪ್ರಶಸ್ತ. ಬಕೆಟ್ಟು ಕೊಳ್ಳುವಾಗ ತಳ ನೋಡಬೇಕು. ಅಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ತಂದ ಪದ್ಧತಿ ಅದು. 1 ಎಂದರೆ ಪೆಟ್, 2 ಎಚ್‌ಡಿಪಿಇ, 5 ಪಾಲಿಪ್ರೊಪಿಲೀನ್. ಅಂಕಿ ಸರಿಯಿದ್ದರಷ್ಟೇ ಸಾಲದು, ಆಹಾರಕ್ಕೆ ಯೋಗ್ಯ ಎಂಬ ಗುರುತೂ ಬೇಕು. ಪೇಂಟಿನ ಖಾಲಿ ಬಕೆಟ್ಟು ಎಷ್ಟೇ ಗಟ್ಟಿಯಾಗಿದ್ದರೂ ಬೇಡ. ಫುಟ್‌ಪಾತಿನಲ್ಲಿ ಒಂದೊಂದೇ ಬಕೆಟ್ಟನ್ನು ಬೋರಲು ಹಾಕಿ ಓದುತ್ತಿದ್ದ ನನ್ನನ್ನು ಅಂಗಡಿಯವನು, ‘ದಾದಾ, ನಿಮಗೆ ಬಕೆಟ್ ಬೇಕೋ, ಅದರ ಜಾತಕ ಬೇಕೋ?’ ಎಂದು ಕೇಳಿದ. ಎರಡೂ ಎಂದೆ.

ಗಾಜು ಕೊಳ್ಳುವವರು ಮೆಟ್ಟಿಲು ಎಣಿಸಿಕೊಂಡು ಹೋಗಬೇಕು. 20 ಲೀಟರ್ ಮಾಲ್ಟ್ ಕಷಾಯವೇ 20 ಕಿಲೋ ದಾಟುತ್ತದೆ, ಗಾಜಿನ ಭಾರ ಬೇರೆ. ಲಿಫ್ಟಿಲ್ಲದ ಮನೆಯಲ್ಲಿ ಒದ್ದೆ ಕೈಯಲ್ಲಿ ಅದನ್ನು ಹೊತ್ತು ಏರುವವರ ಮೇಲೆ ನನಗೆ ಗೌರವವಿದೆ, ಅವರ ಹಿಂದೆ ಮೆಟ್ಟಿಲೇರುವ ಧೈರ್ಯವಿಲ್ಲ. ಇನ್ನೊಂದು ಎಚ್ಚರಿಕೆ: ಗಾಜಿನ ಬಾಯನ್ನು ಬಿಗಿಯಾಗಿ ಮುಚ್ಚಬಾರದು. ಅನಿಲ ಹೊರಹೋಗಲು ಏರ್‌ಲಾಕೋ ಕೊಳವೆಯೋ ಇರಲೇಬೇಕು. ಇಲ್ಲವಾದರೆ ಜಾಡಿ ಸಿಡಿಯುತ್ತದೆ. ಕಾಳಿಪೂಜೆಯ ರಾತ್ರಿ ಪಟಾಕಿಗಳ ನಡುವೆ ಸಿಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಬೇರೆ ದಿನಗಳಲ್ಲಿ ಜನ ಸೇರುತ್ತಾರೆ.

ಕಾನೂನಿನ ಸಮದೃಷ್ಟಿ

ಇಷ್ಟು ದೂರ ಬಂದ ಮೇಲೆ ಸಣ್ಣದೊಂದು ತಾಂತ್ರಿಕ ಅಂಶ. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಇಲ್ಲಿ ಅಪರಾಧ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ, ಬಂಗಾಳದಲ್ಲಿ 1909ರ ಬೆಂಗಾಲ್ ಎಕ್ಸೈಸ್ ಆ್ಯಕ್ಟ್. ಇಂಗ್ಲಿಷರು ನಮಗೆ 1909ರಲ್ಲಿ ಈ ಕಾಯ್ದೆ ಕೊಟ್ಟು ಹೋದರು, ತಾವು ಮಾತ್ರ 1963ರಲ್ಲಿ ಮನೆ ಬಿಯರಿಗೆ ಲೈಸೆನ್ಸೂ ಬೇಡ, ತೆರಿಗೆಯೂ ಬೇಡ ಎಂದು ರಿಯಾಯಿತಿ ಕೊಟ್ಟುಕೊಂಡರು. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಅಂಥದೇ ಮಸೂದೆಗೆ ಸಹಿ ಹಾಕಿದರು. ನಮ್ಮಲ್ಲಿ ಪಾನೀಯವಷ್ಟೇ ಅಲ್ಲ, ಅದನ್ನು ತಯಾರಿಸುವ ಉದ್ದೇಶದಿಂದ ಪಾತ್ರೆ ಪರಿಕರ ಇಟ್ಟುಕೊಂಡರೂ ತಪ್ಪೇ. ಆ ಪಾತ್ರೆ ಗಾಜಿನದೋ ಪ್ಲಾಸ್ಟಿಕ್ಕಿನದೋ ಎಂದು ಕಾಯ್ದೆ ಕೇಳುವುದಿಲ್ಲ. ಘೋಟಿ ಬಾಂಗಾಲರನ್ನೂ, ಮನೆ ಫ್ಲ್ಯಾಟುಗಳನ್ನೂ, ಪಾಶ್ಚರ್ ವೈಯೆತ್‌ರನ್ನೂ ಒಂದೇ ಕಣ್ಣಿನಿಂದ ನೋಡುವ ಸಂಸ್ಥೆ ಈ ನಗರದಲ್ಲಿ ಅಬಕಾರಿ ಇಲಾಖೆಯೊಂದೇ.

ಗಮನಿಸಬೇಕಾದ ಮಾತು ‘ಉದ್ದೇಶ’. ಬಾಲಿಗಂಜ್‌ನ ಯಾವ ಜಾಡಿಗೂ, ಯಾವ ಬಕೆಟ್ಟಿಗೂ ಈವರೆಗೆ ಉದ್ದೇಶವೆಂಬುದು ಅಂಟಿಕೊಂಡಿಲ್ಲ. ಅವು ಚರ್ಚೆಗಾಗಿ ಇರುವ ಪಾತ್ರೆಗಳು. ಹೀಗಾಗಿ ನಮ್ಮ ಬಡಾವಣೆ ಕಾನೂನಿನ ಮುಂದೆ ನಿಷ್ಕಳಂಕ.

ಚರ್ಚೆ ಇಲ್ಲದ ಪ್ರದೇಶಗಳು

ತೌಲನಿಕ ಅಧ್ಯಯನವಿಲ್ಲದೆ ತಜ್ಞತೆ ಪೂರ್ಣವಾಗದು. ಇದೇ ರಾಜ್ಯದ ಪಶ್ಚಿಮದ ಜಂಗಲ್‌ಮಹಲಿನಲ್ಲಿ ಸಂತಾಲರು ಅನ್ನಕ್ಕೆ ಬಾಖರ್ ಎಂಬ ಗಿಡಮೂಲಿಕೆಯ ಹುದುಗು ಗುಳಿಗೆ ಬೆರೆಸಿ ಹಂಡೆಯಲ್ಲಿಟ್ಟು, ಕೆಲವೇ ದಿನಗಳಲ್ಲಿ ಹಾಂಡಿಯಾ ತಯಾರಿಸುತ್ತಾರೆ. ಮಧ್ಯ ಕೋಲ್ಕತ್ತದ ಬೋ ಬ್ಯಾರಕ್ಸ್‌ನ ಕೆಂಪು ಇಟ್ಟಿಗೆ ಕಟ್ಟಡಗಳಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಕ್ರಿಸ್‌ಮಸ್ ಹತ್ತಿರ ಬಂದಂತೆ ವೈನಿಗಿಡುತ್ತವೆ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ದ್ರಾಕ್ಷಿ ಮತ್ತು ಸಕ್ಕರೆ ಪಿಂಗಾಣಿ ಭರಣಿಯೊಳಗೆ ಬಟ್ಟೆ ಕಟ್ಟಿಸಿಕೊಂಡು ಕೂರುತ್ತವೆ. ಮಡಿಕೇರಿಯ ಅಂಗಡಿಗಳಲ್ಲಿ ಹೋಮ್‌ಮೇಡ್ ವೈನ್ ಎಂಬ ಫಲಕವನ್ನು ಪ್ರವಾಸಿಗರೆಲ್ಲ ಓದಿಯೇ ಬಂದಿರುತ್ತಾರೆ. ಈ ಯಾವ ಜಾಗದಲ್ಲೂ ಪಾತ್ರೆಯ ಬಗ್ಗೆ ಸೈದ್ಧಾಂತಿಕ ಭಿನ್ನಾಭಿಪ್ರಾಯ ಕಂಡುಬಂದಿಲ್ಲ. ಮನೆಯಲ್ಲಿ ಯಾವುದಿದೆಯೋ ಅದು. ಪಾತ್ರೆಯ ಚರ್ಚೆ ಇಲ್ಲದಲ್ಲೆಲ್ಲ ಪಾನೀಯವಿದೆ, ಚರ್ಚೆ ಇರುವಲ್ಲಿ ಇಲ್ಲ. ಇದನ್ನು ನಾನು ಹುದುಗು ಶಾಸ್ತ್ರದ ಮೂಲಭೂತ ನಿಯಮವೆಂದು ಪ್ರತಿಪಾದಿಸುತ್ತೇನೆ.

ಅಂತಿಮ ಶಿಫಾರಸು

ಸ್ವಂತ ಮನೆಯವರು ಗಾಜಿನ ಪರ ಮಾತಾಡಿರಿ. ಬಾಡಿಗೆಯವರು ಪ್ಲಾಸ್ಟಿಕ್ಕಿನ ಪರ ಮಾತಾಡಿರಿ, ಮನೆ ಬದಲಿಸುವಾಗ ಹಗುರ. ಇಬ್ಬರೂ ಮೂರನೆಯದೊಂದು ವಸ್ತುವಿನ ಹೆಸರನ್ನು ಮಾತ್ರ ಎತ್ತಬೇಡಿ.

ನಾನು ಎತ್ತಿದ್ದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳಿಂದ ಹಿಡಿದು ಜಗತ್ತಿನ ದೊಡ್ಡ ಕಾರ್ಖಾನೆಗಳವರೆಗೆ ಬಿಯರು ಹುದುಗುವುದು ಸ್ಟೇನ್‌ಲೆಸ್ ಸ್ಟೀಲಿನಲ್ಲಿ. ಅದು ಒಡೆಯುವುದಿಲ್ಲ, ಗೀರು ಸುಲಭಕ್ಕೆ ಬೀಳುವುದಿಲ್ಲ, ಬೆಳಕು ಬಿಡುವುದಿಲ್ಲ, ಗಾಳಿ ನುಸುಳುವುದಿಲ್ಲ, ಹಳೆಯ ವಾಸನೆ ಉಳಿಯುವುದಿಲ್ಲ, ಮಾಶಿ ಎಷ್ಟು ಉಜ್ಜಿದರೂ ಅವಳಿಗೇ ಸುಸ್ತು. ಗರಿಯಾಹಾಟಿನಲ್ಲಿ ಅದರ ಅಂಗಡಿಗಳ ಸಾಲೇ ಇದೆ. ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಅದೇ ಲೋಹದ ಡಬರಿಯಲ್ಲಿ, ಕೋಲ್ಕತ್ತದ ಇದೇ ಸೆಕೆಯಲ್ಲಿ, ಯಾರ ಅಪ್ಪಣೆಗೂ ಕಾಯದೆ ಉಕ್ಕಿ ಹೊರಬರುತ್ತದೆ. ಇಷ್ಟನ್ನು ಹೇಳಿ ಮುಗಿಸಿದಾಗ ಸಭೆ ಸ್ತಬ್ಧವಾಯಿತು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಪಂದ್ಯದ ನಡುವೆ ಎದ್ದು ನಿಂತು, ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಕ್ಲಬ್ಬೂ ಇದೆ ಎಂದು ನೆನಪಿಸಿದವನನ್ನು ನೋಡುವಂತೆ ಎರಡೂ ಪಂಗಡದವರು ನನ್ನನ್ನು ನೋಡಿದರು.

ಕೊನೆಗೆ ಮನೆಯ ಮಾಲೀಕರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: ‘ನೀವು ಹೇಳುವುದು ಸರಿಯಿದೆ. ಆದರೆ ಅದು ಸರಿಯಾಗಿಬಿಟ್ಟರೆ ಭಾನುವಾರ ಬೆಳಗ್ಗೆ ನಾವು ಏನು ಮಾಡಬೇಕು, ಅದನ್ನೂ ಹೇಳಿ.’

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ಆದ್ದರಿಂದ ಸ್ಟೀಲಿನ ಪ್ರಸ್ತಾಪವನ್ನು ಕಡತದಿಂದ ತೆಗೆಯಲಾಗಿದೆ. ಮುಂದಿನ ಸಭೆಯಲ್ಲಿ ಮುಚ್ಚಳದ ವಿಚಾರ: ಕಾರ್ಕೋ ರಬ್ಬರೋ? ಆಸಕ್ತರು ತಮ್ಮ ಪಂಗಡವನ್ನು ಮೊದಲೇ ನಿರ್ಧರಿಸಿಕೊಂಡು ಬರಬೇಕು.